ಕಾವೇರಿ 2.0 ಇ.ಸಿ.: ಹುಬ್ಬಳ್ಳಿ-ಧಾರವಾಡದಲ್ಲಿ ಪ್ಲಾಟ್ ಹಿಡಿಯುವವರಿಗೆ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಸಾಲದು

“ಎಲ್ಲಾ ಕ್ಲಿಯರ್ ಐತ್ರಿ ಸರ. ಇ.ಸಿ. ತಗದೀವಿ, ನಿಲ್ ಬಂದೈತಿ. ಬೇಕಾದ್ರ ನೀವ ಮೊಬೈಲ್‌ನ್ಯಾಗ ತಗದು ನೋಡ್ರಿ.”

ಹುಬ್ಬಳ್ಳಿ-ಧಾರವಾಡದಲ್ಲಿ ಪ್ಲಾಟ್ ತೋರಿಸಲು ಕರೆದೊಯ್ಯುವ ಏಜೆಂಟರ ಬಾಯಲ್ಲಿ ಈಗ ಈ ಮಾತು ಸಾಮಾನ್ಯ. ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟು, ಸಾಲಗಳನ್ನು ತೋರಿಸುವ ಋಣಭಾರ ಪತ್ರ, ನಿಜವಾಗಿಯೂ ನಿಲ್ (ಏನೂ ಇಲ್ಲ ಎಂದು) ಬಂದಿರಬಹುದು. ಆದರೆ ಯಾವ ನಂಬರ್ ಹಾಕಿ ಹುಡುಕಿದಾಗ ನಿಲ್ ಬಂತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಿದರು ಎಂದು ಕೇಳುವವರು ಕಡಿಮೆ. ಇಪ್ಪತ್ತು ವರ್ಷದ ಕಂತು ಆ ಎರಡು ಪ್ರಶ್ನೆಗಳ ಮೇಲೆ ನಿಂತಿರುತ್ತದೆ. ಅದಕ್ಕೇ ನೋಂದಣಿ ಇಲಾಖೆಯ ಕಾವೇರಿ 2.0 ಸೇವೆಯನ್ನು, ಅದರಲ್ಲೂ ಋಣಭಾರ ಪತ್ರದ ಸೇವೆಯನ್ನು, ನಮ್ಮ ಅವಳಿನಗರದ ಪ್ಲಾಟ್ ಕೊಳ್ಳುವ ಕುಟುಂಬದ ಕಣ್ಣಿನಿಂದ ಇಲ್ಲಿ ಪರೀಕ್ಷಿಸಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. 2023ರಲ್ಲಿ ರಾಜ್ಯದಾದ್ಯಂತ ಬಂದ ಈ ವ್ಯವಸ್ಥೆ ಬಹಳ ಒಳ್ಳೆಯ ಸೇವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಎರಡು-ಮೂರು ದಿನ ಅಲೆದು ತರಬೇಕಿದ್ದ ಕಾಗದ ಮನೆಯಲ್ಲೇ ಡಿಜಿಟಲ್ ಸಹಿಯೊಂದಿಗೆ ಸಿಗುತ್ತದೆ. ಕಳೆದ ಒಂದು ಅಂಕ ಸೇವೆಯ ತಪ್ಪಿಗಲ್ಲ. ಅದು ಹೇಳದ ಸಂಗತಿಗಳನ್ನೂ ಅದೇ ಹೇಳಿತೆಂದು ಜನ ನಂಬುವಂತೆ ಅದರ ನಮೂನೆ ಇದೆ, ಅದಕ್ಕೆ.

ತೆಗೆಯುವ ಬಗೆ

ಕಾವೇರಿ ಜಾಲತಾಣದಲ್ಲಿ ಮೊಬೈಲ್ ನಂಬರ್, ಇಮೇಲ್ ಕೊಟ್ಟು ಒಟಿಪಿ ಮೂಲಕ ಖಾತೆ ತೆರೆಯಬೇಕು. ಒಳಗೆ ಹೋಗಿ ಋಣಭಾರ ಪತ್ರದ ಸೇವೆ ಆರಿಸಿ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಸ್ತಿಯ ನಂಬರ್, ಹುಡುಕುವ ಅವಧಿ ತುಂಬಬೇಕು. ಶುಲ್ಕ ವರ್ಷಗಳ ಲೆಕ್ಕದ್ದು, ಆನ್‌ಲೈನ್‌ನಲ್ಲೇ ಕಟ್ಟಬಹುದು. ವಹಿವಾಟು ನಡೆದಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಆಡುಮಾತಿನಲ್ಲಿ ‘ನಿಲ್ ಇ.ಸಿ.’ ಎಂದರೆ ಈ 16.

ಗ್ರಾಮದ ಹೆಸರಿನ ಜಾಗದಲ್ಲೇ ಮೊದಲ ಎಡವಟ್ಟು. ಬಡಾವಣೆಯ ಬೋರ್ಡಿನ ಮೇಲೆ ‘ವಿದ್ಯಾನಗರದ ಹತ್ತಿರ’ ಎಂದು ಬರೆದಿರಬಹುದು. ಕಾಗದದಲ್ಲಿ ಅದು ಉಣಕಲ್ ಆಗಿರಬಹುದು, ಗೋಪನಕೊಪ್ಪ ಆಗಿರಬಹುದು, ಭೈರಿದೇವರಕೊಪ್ಪ ಆಗಿರಬಹುದು. ಅವಳಿನಗರ ಬೆಳೆದದ್ದೇ ಹೀಗೆ ಹಳ್ಳಿಗಳನ್ನು ಒಳಗೆ ಹಾಕಿಕೊಂಡು. ಪಾಲಿಕೆಯ ವಾರ್ಡು ಬದಲಾದರೂ ಕಂದಾಯ ಗ್ರಾಮದ ಹೆಸರು ಹಾಗೇ ಉಳಿದಿದೆ. ಸತ್ತೂರು, ನವಲೂರು, ರಾಯಾಪುರ, ಲಕಮನಹಳ್ಳಿ ಎಲ್ಲ ಹೀಗೆಯೇ. ಗ್ರಾಮ ತಪ್ಪಾಗಿ ಆರಿಸಿದರೆ ಬರುವ ಉತ್ತರವೂ ನಿಲ್. ಆ ನಿಲ್ ನಿಮ್ಮ ಪ್ಲಾಟಿನದಲ್ಲ.

ಗ್ರಾಮ ಯಾವುದೆಂಬ ಅನುಮಾನವಿದ್ದರೆ ಪ್ಲಾಟಿನ ಮೇಲೆ ನಿಂತು ‘ದಿಶಾಂಕ್’ ಆ್ಯಪ್ ತೆರೆಯಿರಿ. ಭೂಮಾಪನ ಇಲಾಖೆಯ ಈ ಆ್ಯಪ್ ನೀವು ನಿಂತ ನೆಲದ ಗ್ರಾಮ, ಸರ್ವೆ ನಂಬರ್ ಎರಡನ್ನೂ ತೋರಿಸುತ್ತದೆ. ಹಳ್ಳ, ಕೆರೆ, ಸರ್ಕಾರಿ ಜಮೀನು ಹತ್ತಿರವಿದ್ದರೆ ಅದೂ ಕಾಣುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರುವುದರಿಂದ ಗಡಿಯಂಚಿನ ಪ್ಲಾಟಿಗೆ ಇದನ್ನೇ ಪ್ರಮಾಣ ಎನ್ನಬೇಡಿ. ನಾಲ್ಕೂ ಮೂಲೆಗೆ ಹೋಗಿ ನೋಡಿ. ಮೂರು ಮೂಲೆಯಲ್ಲಿ ಒಂದು ನಂಬರ್, ನಾಲ್ಕನೆಯದರಲ್ಲಿ ಬೇರೆ ನಂಬರ್ ಬಂದರೆ ಸರ್ವೇಯರ್ ಕರೆಸಿ ಅಳತೆ ಮಾಡಿಸುವುದು ಕಡ್ಡಾಯ ಎಂದುಕೊಳ್ಳಿ.

ಒಂದೇ ನೆಲ, ನಾಲ್ಕು ನಂಬರ್

ನಮ್ಮ ಭಾಗದಲ್ಲಿ ಕಾವೇರಿ ಬಳಸುವವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಊರೊಳಗಿನ ಹಳೆಯ ಆಸ್ತಿಗಳಿಗೆ ಸಿ.ಟಿ.ಎಸ್. ನಂಬರ್, ಅಂದರೆ ಸಿಟಿ ಸರ್ವೆ ನಂಬರ್ ಇದೆ, ಅದಕ್ಕೊಂದು ಪ್ರಾಪರ್ಟಿ ಕಾರ್ಡ್ ಇದೆ. ಹೊಲವಾಗಿದ್ದು ಬಡಾವಣೆಯಾದ ಜಾಗಕ್ಕೆ ಮೊದಲು ಸರ್ವೆ ನಂಬರ್ ಮತ್ತು ಹಿಸ್ಸಾ (ಅದರ ಉಪವಿಭಾಗ). ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿ, ನಕ್ಷೆ ಮಂಜೂರಾಗಿ, ಕೆ.ಜೆ.ಪಿ. ಅಂದರೆ ಜಮೀನು ತುಂಡಾದದ್ದನ್ನು ದಾಖಲಿಸುವ ಕಮ್ಮಿ-ಜಾಸ್ತಿ ಪತ್ರಕ ಆದ ಮೇಲೆ ಪ್ಲಾಟ್‌ವಾರು ನಂಬರ್. ಪಾಲಿಕೆಯ ತೆರಿಗೆ ಪುಸ್ತಕದಲ್ಲಿ ಪಿ.ಐ.ಡಿ. (ಆಸ್ತಿ ಗುರುತಿನ ಸಂಖ್ಯೆ). ಈಗ ಆನ್‌ಲೈನ್ ಖಾತೆಯ ಇ-ಆಸ್ತಿ ನಂಬರ್ ಬೇರೆ.

ಒಂದು ಉದಾಹರಣೆ ಹಿಡಿಯೋಣ. ರಿ.ಸ.ನಂ., ಅಂದರೆ ಸರ್ವೆ ನಂಬರ್, 112, ಹಿಸ್ಸಾ 2. ಮೂರು ಎಕರೆ ಹೊಲ. ಇದನ್ನು ಎನ್.ಎ. ಮಾಡಿಸಿ ಪ್ಲಾಟ್ ಹಾಕಿದ್ದಾರೆ. ನಿಮಗೆ ತೋರಿಸಿದ್ದು ಪ್ಲಾಟ್ ನಂ. 18. ಏಜೆಂಟರು ‘112/2, ಪ್ಲಾಟ್ 18’ ಎಂದು ಹಾಕಿ ಇ.ಸಿ. ತೆಗೆಯುತ್ತಾರೆ. ಪ್ಲಾಟ್ 18 ಹುಟ್ಟಿದ್ದೇ ಮೂರು ವರ್ಷದ ಹಿಂದೆ, ಇನ್ನೂ ಮಾರಾಟವಾಗಿಲ್ಲ, ಆದ್ದರಿಂದ ನಿಲ್. ಆದರೆ ಅದಕ್ಕೂ ಮೊದಲು ಇಡೀ 112/2ನ್ನು ಸಾಲಕ್ಕೆ ಒತ್ತೆ ಹಾಕಿದ್ದರೆ ಆ ದಾಖಲೆ ಕೂತಿರುವುದು ‘112/2’ರ ಕೆಳಗೆ. ಅದಕ್ಕಿಂತ ಹಿಂದೆ ಅಣ್ಣ-ತಮ್ಮಂದಿರು ವಾಟ್ನಿ (ಆಸ್ತಿ ಪಾಲು) ಮಾಡಿಕೊಳ್ಳುವ ಮುಂಚಿನ ದಾಖಲೆ ಬರೀ ‘112’ರ ಕೆಳಗೆ. ಪ್ಲಾಟ್ ನಂಬರ್ ಹಾಕಿ ಹುಡುಕಿದವರ ಕಣ್ಣಿಗೆ ಎರಡೂ ಬೀಳುವುದಿಲ್ಲ.

ಹಾಗಾಗಿ ಒಂದು ಪ್ಲಾಟಿಗೆ ಒಂದು ಇ.ಸಿ. ಸಾಲದು. ಪ್ಲಾಟ್ ನಂಬರಿನ ಮೇಲೆ ಒಂದು, ಹಿಸ್ಸಾ ಸಮೇತ ಸರ್ವೆ ನಂಬರಿನ ಮೇಲೆ ಒಂದು, ಹಿಸ್ಸಾ ಬಿಟ್ಟು ಇಡೀ ಸರ್ವೆ ನಂಬರಿನ ಮೇಲೆ ಒಂದು, ಪಾಲಿಕೆಯ ಪಿ.ಐ.ಡಿ. ಅಥವಾ ಸಿ.ಟಿ.ಎಸ್. ನಂಬರ್ ಇದ್ದರೆ ಅದರ ಮೇಲೂ ಒಂದು. ಹಿಸ್ಸಾ ಬರೆಯುವ ರೀತಿಯೂ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ: ‘112/2’, ‘112/2ಅ’, ‘112/2+3’. ಖರೇದಿ ಪತ್ರದಲ್ಲಿ ಹೇಗೆ ಬರೆದಿದೆಯೋ ಹಾಗೂ ಹುಡುಕಿ, ಉತಾರದಲ್ಲಿ (ಪಹಣಿಯಲ್ಲಿ) ಹೇಗಿದೆಯೋ ಹಾಗೂ ಹುಡುಕಿ. ನಾಲ್ಕೈದು ಬಾರಿ ಶುಲ್ಕ ಕಟ್ಟಿದರೂ ಪ್ಲಾಟಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬಾರದ ಖರ್ಚು.

ಯಾರಿಂದ ಯಾರಿಗೆ ಹಕ್ಕು ಬಂತೆಂಬ ಸರಪಳಿ ಕೂಡಿಸುವ ಕೆಲಸ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದ್ದು. ಉತಾರ ತೆಗೆದು 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣ ನೋಡಿ. ನಮ್ಮಲ್ಲಿ ‘ಬೋಜಾ’ ಎನ್ನುತ್ತೇವಲ್ಲ, ಬ್ಯಾಂಕ್ ಅಥವಾ ಸೊಸೈಟಿ ಸಾಲದ ಆ ನಮೂದು ಇರುವುದು ಈ 11ರಲ್ಲಿ. ಸಾಲ ತೀರಿಸಿದ್ದಾರೆ ಎಂದರೆ ಸಾಲದು, ಬೋಜಾ ಕಮ್ಮಿಯಾದ ನಮೂದೇ ಬೇಕು. ಆಮೇಲೆ ಮ್ಯುಟೇಶನ್ (ಹಕ್ಕು ಬದಲಾವಣೆ) ನಮೂದುಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತ ಹೋಗಿ. ಯಾರಿಂದ ಯಾರಿಗೆ, ಖರೇದಿಯಿಂದಲೋ ವಾರಸಾದಿಂದಲೋ ವಾಟ್ನಿಯಿಂದಲೋ. ಒಂದು ಕೊಂಡಿ ತಪ್ಪಿದರೂ ಅಲ್ಲಿಗೆ ನಿಂತು ಕೇಳಿ. ಜಮೀನು ಹಿಂದೆ ವತನದ್ದೋ ಇನಾಮಿನದ್ದೋ ಆಗಿದ್ದರೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ವಕೀಲರ ಲಿಖಿತ ಅಭಿಪ್ರಾಯವಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಮಾರಿದ್ದರೆ ಅದನ್ನು ವಾಪಸ್ ಕೊಡಿಸಲು 1978ರ ಕಾಯ್ದೆಯೇ ಇದೆ.

ನಮೂನೆ 15 ಓದುವುದು

ಹತ್ತು ಸಾಲಿನ ನಮೂನೆ 15 ಬಂದರೆ ಹಲವರು ಕಡೆಯ ಸಾಲು ಮಾತ್ರ ನೋಡುತ್ತಾರೆ. ಈಗಿನ ಮಾರುವವರ ಹೆಸರು ಇದೆ, ಆಯಿತು ಎಂದು ಮುಚ್ಚಿಡುತ್ತಾರೆ. ಮೇಲಿನಿಂದ ಓದಬೇಕು. ಒಂದು ಸಾಲಿನಲ್ಲಿ ಆಸ್ತಿಯ ವಿವರ, ಬರೆದುಕೊಟ್ಟ ದಿನ, ದಾಖಲೆಯ ಬಗೆ ಮತ್ತು ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಾಖಲೆ ಸಂಖ್ಯೆ ಇರುತ್ತವೆ. ಪ್ರತಿ ಒತ್ತೆಗೆ ಒಂದು ಬಿಡುಗಡೆ ಪತ್ರ ಇದೆಯೇ ಎಂದು ಗೆರೆ ಎಳೆದು ಜೋಡಿ ಹಾಕಿ. ಜೋಡಿಯಿಲ್ಲದ ಒತ್ತೆ ಇನ್ನೂ ಜೀವಂತ ಎಂದೇ ತಿಳಿಯಬೇಕು. ಪ್ರತಿ ಖರೇದಿಯ ಸಾಲಿನ ಬರೆಸಿಕೊಂಡವರು ಮುಂದಿನ ಖರೇದಿಯಲ್ಲಿ ಬರೆದುಕೊಟ್ಟವರಾಗಿ ಬರಬೇಕು. ನಡುವೆ ಹೊಸ ಹೆಸರು ಬಂದರೆ ಆತನಿಗೆ ಹಕ್ಕು ಎಲ್ಲಿಂದ ಬಂತೆಂಬ ಕಾಗದ ಕೇಳಿ.

ಆಸ್ತಿಯ ವಿವರದಲ್ಲಿ ಅಳತೆಯ ಏಕಮಾನ ನೋಡಿ. ಒಂದು ಗುಂಟೆ ಎಂದರೆ 1,089 ಚದರ ಅಡಿ, 33 ಅಡಿಗೆ 33 ಅಡಿ. 30x40ರ ಪ್ಲಾಟ್ 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. 30x50ರದ್ದು 139.35. ಕಾಗದದಲ್ಲಿ 101 ಚದರ ಮೀಟರ್ ಇದ್ದು ಬಾಯಲ್ಲಿ 30x40 ಎಂದರೆ ಅದು ಒಂದು ಗುಂಟೆಯ ಪ್ಲಾಟ್. 111 ಚದರ ಅಡಿಯ ಹಣವನ್ನು ಸುಮ್ಮನೆ ಕೊಟ್ಟಂತೆ. ಚದರ ಅಡಿಗೆ 2,000 ರೂಪಾಯಿ ಹಿಡಿದರೂ 2.22 ಲಕ್ಷ.

ಇನ್ನೊಂದು ಮಿತಿ. ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನ ನೋಂದಣಿಗಳು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ ಇ.ಸಿ. ಕೇಳುತ್ತಾರೆ. ಮೊದಲಿನ ವರ್ಷಗಳದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಹಳೆಯ ಪುಸ್ತಕ ನೋಡಿಸಿ ತರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಸಂಚಕಾರ ಪತ್ರದಲ್ಲಿ (ಮುಂಗಡ ಕೊಟ್ಟು ಮಾಡಿಕೊಳ್ಳುವ ಮಾರಾಟದ ಕರಾರು) ಖರೇದಿಯ ಗಡುವನ್ನು ಮೂರು ತಿಂಗಳಿಗಿಂತ ಕಡಿಮೆ ಇಟ್ಟುಕೊಳ್ಳದಿರುವುದು ಇದೇ ಕಾರಣಕ್ಕೆ ಒಳ್ಳೆಯದು. 2025ರ ಆರಂಭದಲ್ಲಿ ಸೈಬರ್ ದಾಳಿಯಿಂದ ಕಾವೇರಿ ಸೇವೆಯೇ ಅಸ್ತವ್ಯಸ್ತವಾಗಿ ರಾಜ್ಯದ ನೋಂದಣಿಗಳು ತಡವಾದವು. ಗಡುವು ಹತ್ತಿರವಿಟ್ಟುಕೊಂಡವರಿಗೆ ಅಂಥ ವಾರಗಳು ಬಹಳ ಕಷ್ಟ.

ಇ.ಸಿ.ಗೆ ಗೊತ್ತೇ ಇಲ್ಲದ ಸಂಗತಿಗಳು

ಇ.ಸಿ. ಹೇಳುವುದು ನೋಂದಣಿಯಾದ ದಾಖಲೆಗಳನ್ನು ಮಾತ್ರ. ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದ ಸಂಚಕಾರ ಅದರಲ್ಲಿ ಬರುವುದಿಲ್ಲ. ಒಂದೇ ಪ್ಲಾಟಿಗೆ ಇಬ್ಬರು ಮೂವರಿಂದ ಸಂಚಕಾರ ತೆಗೆದುಕೊಳ್ಳುವ ಮೋಸ ನಡೆಯುವುದು ಈ ಸಂದಿಯಲ್ಲೇ. ನಿಮ್ಮ ಸಂಚಕಾರವನ್ನು ನೋಂದಾಯಿಸಿ. ಖರ್ಚು ಸ್ವಲ್ಪ ಹೆಚ್ಚಾದರೂ ನಾಳೆ ಬೇರೆಯವರು ಇ.ಸಿ. ತೆಗೆದಾಗ ನಿಮ್ಮ ಹೆಸರು ಕಾಣುತ್ತದೆ. ಸಂಚಕಾರದ ಹಣ 20,000 ರೂಪಾಯಿ ಅಥವಾ ಹೆಚ್ಚಿದ್ದರೆ ನಗದಾಗಿ ಕೊಡುವಂತಿಲ್ಲ. ಆದಾಯ ತೆರಿಗೆ ಕಾಯ್ದೆ ಪ್ರಕಾರ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಇದ್ದರೆ ವ್ಯಾಜ್ಯದಲ್ಲಿ ನಿಮಗೂ ಸಾಕ್ಷಿ.

ಹೆಣ್ಣುಮಕ್ಕಳ ಪಾಲು ಎರಡನೆಯದು. ಪಿತ್ರಾರ್ಜಿತ ಜಮೀನನ್ನು ಅಣ್ಣ-ತಮ್ಮಂದಿರಷ್ಟೇ ಸಹಿ ಮಾಡಿ ಪ್ಲಾಟ್ ಹಾಕಿ ಮಾರಿದ್ದು ನಮ್ಮ ಜಿಲ್ಲೆಗಳಲ್ಲಿ ಅಪರೂಪವೇನಲ್ಲ. ‘ಅಕ್ಕಾರು ಮದುವಿಯಾಗಿ ಹೋಗ್ಯಾರ, ಅವರದೇನೈತಿ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ಮಾರಾಟಕ್ಕೆ, ನೋಂದಣಿಯಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದಾದ ವಾಟ್ನಿಗೆ ರಕ್ಷಣೆ ಇದೆ. ವಂಶಾವಳಿ ತರಿಸಿ, ಎಲ್ಲ ವಾರಸುದಾರರ ಸಹಿಯನ್ನು ಖರೇದಿ ಪತ್ರದಲ್ಲೇ ಹಾಕಿಸಿ. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ನ್ಯಾಯಾಲಯದ ಅನುಮತಿ ಕೇಳಿ. ಇಲ್ಲದಿದ್ದರೆ ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಮಾರಾಟವನ್ನೇ ಪ್ರಶ್ನಿಸಬಹುದು.

ನ್ಯಾಯಾಲಯದ ಪ್ರಕರಣ ಮೂರನೆಯದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಕಡೆಯ ನ್ಯಾಯಾಲಯ ಆರಿಸಿ ಮಾರುವವರ ಹೆಸರು ಹಾಕಿ ಹುಡುಕಬಹುದು, ಶುಲ್ಕವಿಲ್ಲ. ಹೆಸರನ್ನು ನಾಲ್ಕು ಬಗೆಯ ಕಾಗುಣಿತದಲ್ಲಿ ಹಾಕಿ, ತಂದೆಯ ಹೆಸರಿನಲ್ಲೂ ನೋಡಿ. ಮೂಲಪತ್ರ ಒತ್ತೆಯಿಟ್ಟು ತೆಗೆದ ಸಾಲ ತಿಳಿಯಲು ಸೆರ್ಸಾಯಿ ಎಂಬ ಕೇಂದ್ರದ ದಾಖಲೆ ಇದೆ, ಬ್ಯಾಂಕುಗಳು ತಮ್ಮ ಒತ್ತೆಗಳನ್ನು ಅಲ್ಲಿ ನಮೂದಿಸುತ್ತವೆ. ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ಹುಡುಕಬಹುದು. ಏನೇ ಇದ್ದರೂ ಮೂಲ ಖರೇದಿ ಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ತೋರಿಸಿ ‘ಮೂಲ ಲಾಕರ್‌ನ್ಯಾಗ ಐತಿ’ ಎಂದರೆ ಲಾಕರ್‌ನಿಂದ ತಂದ ದಿನವೇ ಮಾತುಕತೆ ಮುಂದುವರಿಸಿ.

ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಾಟ ಎಂದರೆ ಅಲ್ಲಿಗೇ ಬಿಟ್ಟುಬಿಡಿ. ಅಧಿಕಾರ ಪತ್ರದಿಂದ ಮಾಲಕಿ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಬಡಾವಣೆಗೆ ಮಂಜೂರಾತಿ ಇದೆಯೇ ಎಂಬುದೂ ಇ.ಸಿ.ಗೆ ಗೊತ್ತಿಲ್ಲ. ಅದಕ್ಕೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ (ಹುಡಾ) ಅಂತಿಮ ನಕ್ಷೆ ಮತ್ತು ಪ್ಲಾಟ್ ಬಿಡುಗಡೆ ಆದೇಶ ನೋಡಬೇಕು. ತಾತ್ಕಾಲಿಕ ನಕ್ಷೆ ತೋರಿಸಿ ಮಾರುವವರೂ ಇದ್ದಾರೆ. ರಸ್ತೆ, ಗಟಾರ, ನೀರು, ವಿದ್ಯುತ್ ಕೆಲಸ ಮುಗಿಯುತ್ತ ಬಂದಂತೆ ಹಂತಹಂತವಾಗಿ ಪ್ಲಾಟ್ ಬಿಡುಗಡೆಯಾಗುತ್ತವೆ, ನಿಮ್ಮ ನಂಬರ್ ಬಿಡುಗಡೆಯಾದ ಪಟ್ಟಿಯಲ್ಲಿ ಇರಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ರೇರಾ ಜಾಲತಾಣದಲ್ಲಿ ಜಿಲ್ಲೆ ಆರಿಸಿ ಯೋಜನೆಯ ಹೆಸರು ಹಾಕಿದರೆ ನಕ್ಷೆ, ಎನ್.ಎ. ಆದೇಶ, ಮೂರು ತಿಂಗಳಿಗೊಮ್ಮೆಯ ಪ್ರಗತಿ ವರದಿ ಸಿಗುತ್ತವೆ. ಏಜೆಂಟರ ಬಳಿ ಇರುವ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ಪ್ಲಾಟ್ ಎಣಿಸಿ. ಕಾಗದದ ಮೇಲೆ ಉದ್ಯಾನವಾಗಿದ್ದ ಜಾಗ ಏಜೆಂಟರ ನಕ್ಷೆಯಲ್ಲಿ ಪ್ಲಾಟ್ 42, 43 ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಹಕ್ಕು ಡೆವಲಪರ್‌ಗೆ ಇಲ್ಲ.

ಪಂಚಾಯಿತಿ ವ್ಯಾಪ್ತಿಯ ಪ್ಲಾಟ್ ಆದರೆ ನೋಡಬೇಕಾದ್ದು ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ. ಧಾರವಾಡದ ಆಚೆ ಐಐಟಿ ಬಂದ ಚಿಕ್ಕಮಲ್ಲಿಗವಾಡದ ಸುತ್ತ ಹೂಡಿಕೆಗೆಂದು ನೋಡುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ನಮೂನೆ 9 ಮತ್ತು 11ಎ ಇದ್ದರೆ ಕ್ರಮಬದ್ಧ. 11ಬಿ ಎಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಅನುಮೋದಿತ ಬಡಾವಣೆಯಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ಎ-ಖಾತಾ, ಬಿ-ಖಾತಾ ಎಂಬುದೂ ಇದೇ ಭೇದ. ಬಿ-ಖಾತಾ ಸಿಕ್ಕಿತೆಂದರೆ ಸಕ್ರಮವಾಯಿತೆಂದು ಅನೇಕರು ತಿಳಿದಿದ್ದಾರೆ. ಅದು ತೆರಿಗೆಯ ಲೆಕ್ಕಕ್ಕೆ ತಂದದ್ದು ಅಷ್ಟೇ. ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಪ್ಲಾಟಿಗೆ ಸಾಲ ಕೊಡುವುದಿಲ್ಲ. ಸೊಸೈಟಿ ಕೊಟ್ಟರೂ ಬಡ್ಡಿ ಹೆಚ್ಚು. ನಾಳೆ ನೀವು ಮಾರಲು ಹೊರಟಾಗ ಕೊಳ್ಳುವವರಿಗೂ ಸಾಲ ಸಿಗದು, ಅಲ್ಲಿಗೆ ಪೂರ್ತಿ ನಗದು ಇರುವವರಷ್ಟೇ ಗಿರಾಕಿ.

ಮನೆಯ ಆದಾಯದ ಲೆಕ್ಕ

ಕಾಗದ ಸರಿಯಾಗಿದ್ದರೂ ದರ ಸರಿಯೇ ಎಂಬುದು ಬೇರೆ ಪ್ರಶ್ನೆ. ಕಾವೇರಿಯಲ್ಲಿ ಮಾರ್ಗಸೂಚಿ ದರ ನೋಡಬಹುದು. ಇದು 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಣೆಯಾಗಿದೆ. ಅದು ಪೇಟೆಯ ಬೆಲೆಯಲ್ಲ, ಮುದ್ರಾಂಕ ಲೆಕ್ಕಹಾಕಲು ಸರ್ಕಾರ ಇಟ್ಟ ಕನಿಷ್ಠ. ಪೇಟೆಯ ಅಂದಾಜಿಗೆ ಒಂದು ಉಪಾಯ: ನಮೂನೆ 15ರಲ್ಲಿ ಅಕ್ಕಪಕ್ಕದ ಪ್ಲಾಟುಗಳ ಖರೇದಿ ಮೊತ್ತ ಕಾಣುತ್ತದೆ. ಇಡೀ ಸರ್ವೆ ನಂಬರಿನ ಇ.ಸಿ. ತೆಗೆದವರಿಗೆ ಇದು ಜೊತೆಗೇ ಬರುವ ಲಾಭ. ನೋಂದಣಿಯಲ್ಲಿ ಕಡಿಮೆ ತೋರಿಸಿರಬಹುದು, ಆದರೂ ಮೂರು ವರ್ಷದಲ್ಲಿ ದರ ಏರಿದೆಯೋ ನಿಂತಿದೆಯೋ ತಿಳಿಯುತ್ತದೆ.

ಲೆಕ್ಕದ ಸಲುವಾಗಿ 24 ಲಕ್ಷದ 30x40 ಪ್ಲಾಟ್ ಹಿಡಿಯೋಣ. ಮುದ್ರಾಂಕ ಶೇ. 5ರಂತೆ 1,20,000. ಅದರ ಮೇಲೆ ಸೆಸ್ ಶೇ. 10ರಂತೆ 12,000, ನಗರ ವ್ಯಾಪ್ತಿಯ ಸರ್‌ಚಾರ್ಜ್ ಶೇ. 2ರಂತೆ 2,400. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2, ಅಂದರೆ 48,000. ಒಟ್ಟು 1,82,400 ರೂಪಾಯಿ, ಬೆಲೆಯ ಶೇ. 7.6. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹೋಗಬೇಕು. ಪ್ಲಾಟಿಗೆ ಬ್ಯಾಂಕು ಶೇ. 70 ಕೊಟ್ಟಿತೆಂದರೂ ಉಳಿದ 7.2 ಲಕ್ಷ ಸೇರಿ ಒಂಬತ್ತು ಲಕ್ಷಕ್ಕೂ ಮೇಲೆ ಸ್ವಂತ ಹಣ ಬೇಕು.

ಕೈಗೆ ಬರುವ ಆದಾಯ ತಿಂಗಳಿಗೆ 60,000 ಇರುವ ಕುಟುಂಬ ಕಂತಿಗೆ 24,000ಕ್ಕಿಂತ ಹೆಚ್ಚು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ಬ್ಯಾಂಕು ಇನ್ನೂ ಹೆಚ್ಚು ಕೊಡಲು ಒಪ್ಪಬಹುದು, ಆ ಮಾತಿಗೆ ಮರುಳಾಗಬೇಡಿ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಒಂದು ಲಕ್ಷಕ್ಕೆ ಕಂತು 868 ರೂಪಾಯಿ. 25 ಲಕ್ಷಕ್ಕೆ 21,696. ಕೊನೆಗೆ ಕಟ್ಟಿದ್ದು 52 ಲಕ್ಷ ದಾಟುತ್ತದೆ. ಅದೇ ಸಾಲ 15 ವರ್ಷಕ್ಕಾದರೆ ಕಂತು ಸುಮಾರು 24,600, ಒಟ್ಟು 44.3 ಲಕ್ಷ. ತಿಂಗಳಿಗೆ ಮೂರು ಸಾವಿರ ಹೆಚ್ಚು ಕಟ್ಟುವ ತಾಕತ್ತಿದ್ದರೆ ಏಳೂವರೆ ಲಕ್ಷಕ್ಕೂ ಮೇಲೆ ಉಳಿಯುತ್ತದೆ. ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಬೋನಸ್ಸೋ ಫಸಲಿನ ಹಣವೋ ಬಂದಾಗ ಅಸಲಿಗೆ ಹಾಕಬಹುದು.

ಹೂಡಿಕೆಗೆಂದು ಪ್ಲಾಟ್ ಹಾಕಿ ಬಿಡುವವರ ಲೆಕ್ಕ ಇನ್ನೂ ಬಿಗಿ. 24 ಲಕ್ಷಕ್ಕೆ ನೋಂದಣಿ ಸೇರಿ 25.82 ಲಕ್ಷ ಹಾಕಿದ್ದೀರಿ. ಆ ಹಣಕ್ಕೆ ವರ್ಷಕ್ಕೆ ಶೇ. 8 ಬಡ್ಡಿ ಹಿಡಿದರೆ ಐದು ವರ್ಷಕ್ಕೆ 37.9 ಲಕ್ಷ. ಅಂದರೆ ಪ್ಲಾಟಿನ ದರ ವರ್ಷ ವರ್ಷ ಶೇ. 9.6 ಏರಿದರೆ ನೀವು ನಿಂತಲ್ಲೇ ನಿಂತಿದ್ದೀರಿ, ಲಾಭವಿನ್ನೂ ಶುರುವಾಗಿಲ್ಲ. ಮಾರುವಾಗ ಬಂಡವಾಳ ಲಾಭದ ತೆರಿಗೆ, ಏಜೆಂಟರ ಕಮಿಷನ್ ಬೇರೆ. ಮನೆ ಕಟ್ಟಿ ಬಾಡಿಗೆಗೆ ಕೊಡುತ್ತೇವೆ ಎಂದರೆ 20 ಲಕ್ಷದ ಕಟ್ಟಡ ಸೇರಿ 45.8 ಲಕ್ಷ. ಬಾಡಿಗೆ ತಿಂಗಳಿಗೆ 14,000, ವರ್ಷದಲ್ಲಿ ಒಂದು ತಿಂಗಳು ಖಾಲಿ, ತೆರಿಗೆ-ಬಣ್ಣ-ಮೋಟಾರು ರಿಪೇರಿಗೆ 20,000 ಕಳೆದರೆ ಕೈಗೆ 1.34 ಲಕ್ಷ. ಶೇ. 2.9. ಸಾಲದ ಬಡ್ಡಿಯ ಮೂರನೆಯ ಒಂದು ಪಾಲು ಮಾತ್ರ. ಇರಲು ಮನೆ ಬೇಕೆಂದು ಕಟ್ಟುವವರಿಗೆ ಈ ಲೆಕ್ಕ ಬೇರೆ. ಬರೀ ಬಾಡಿಗೆ ನಂಬಿ ಪೂರ್ತಿ ಸಾಲದಲ್ಲಿ ಕಟ್ಟುವವರು ಪ್ರತಿ ತಿಂಗಳು ಸಂಬಳದಿಂದ ತುಂಬಬೇಕು.

ಯಾವ ಜಾಲತಾಣವೂ ತೋರಿಸದ ಎರಡು ಖರ್ಚು ಈ ಊರಿನವು. ಒಂದು ಎರೆಮಣ್ಣು. ಹುಬ್ಬಳ್ಳಿಯಿಂದ ನವಲಗುಂದದ ಕಡೆ, ಗದಗಿನ ಕಡೆ ಹೋದಂತೆ ಕಪ್ಪು ಎರೆ ದಪ್ಪವಾಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಮಾಮೂಲಿ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಗರಸು (ಗಟ್ಟಿ ಮಣ್ಣು) ಸಿಗುವವರೆಗೆ ಅಗೆಯಬೇಕು, ಇಲ್ಲವೇ ಕೆಳಗೆ ಗೆಡ್ಡೆಯಂತೆ ಹಿಗ್ಗಿಸಿದ ಪೈಲ್ ಹಾಕಿ ಮೇಲೆ ಬೀಮ್ ಕಟ್ಟಬೇಕು. ಸಂಚಕಾರಕ್ಕೆ ಮುನ್ನ ಪ್ಲಾಟಿನ ಮೂಲೆಯಲ್ಲಿ ಆರೇಳು ಅಡಿ ಗುಂಡಿ ತೋಡಿಸಿ ನೋಡಿ. ಇನ್ನೊಂದು ನೀರು. ಮಲಪ್ರಭೆಯ ನೀರು ಅನೇಕ ಬಡಾವಣೆಗಳಿಗೆ ಕೆಲವು ದಿನಕ್ಕೊಮ್ಮೆ ಬರುತ್ತದೆ. ಐದು ಜನರಿಗೆ ದಿನಕ್ಕೆ ತಲಾ 135 ಲೀಟರ್, ಏಳು ದಿನಕ್ಕೆ 4,725 ಲೀಟರ್. ಐದು ಅಡಿ ಅಗಲ, ಆರು ಅಡಿ ಉದ್ದ, ಆರು ಅಡಿ ಆಳದ ಸಂಪು (ನೆಲದಡಿಯ ನೀರಿನ ತೊಟ್ಟಿ) ಸುಮಾರು 5,100 ಲೀಟರ್ ಹಿಡಿಯುತ್ತದೆ. 30x40ರಲ್ಲಿ ಅದಕ್ಕೆ ಜಾಗ ನಕ್ಷೆಯಲ್ಲೇ ಬಿಡಬೇಕು. ನೆರೆಯ ಅಕ್ಕಾರನ್ನು ಮಾತಾಡಿಸಿ: ‘ನಳ ಎಷ್ಟು ದಿನಕ್ಕ ಬರ್ತೈತ್ರಿ, ಎಷ್ಟೊತ್ತು ಇರ್ತೈತಿ?’

ನೋಂದಣಿಯ ದಿನ

ಕಾವೇರಿಯ ಇನ್ನೊಂದು ಒಳ್ಳೆಯ ಭಾಗ ಇದು. ಕರಡನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕಬೇಕು, ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ ಮೇಲೆ ಹಣ ಕಟ್ಟಿ ಸಮಯ ಕಾಯ್ದಿರಿಸಬೇಕು. ಆ ದಿನ ಫೋಟೊ, ಬೆರಳಚ್ಚು, ಸಹಿ ಮಾತ್ರ. ಮೊದಲಿನಂತೆ ಇಡೀ ದಿನ ಕಟ್ಟೆಯ ಮೇಲೆ ಕೂಡುವುದು ತಪ್ಪಿದೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಕಡ್ಡಾಯವಾದ್ದರಿಂದ ಮಾಲಕರ ಹೆಸರು, ಅಳತೆ, ಚಕ್ಕುಬಂದಿ ಇ-ಆಸ್ತಿಯಿಂದಲೇ ಬರುತ್ತವೆ. ತೊಡಕಾಗುವುದೂ ಇಲ್ಲೇ. ಆಧಾರ್‌ನಲ್ಲಿ ಒಂದು ಹೆಸರು, ಇ-ಖಾತೆಯಲ್ಲಿ ಅಡ್ಡಹೆಸರು ಬಿಟ್ಟು ಇನ್ನೊಂದು ಇದ್ದರೆ ಕೆಲಸ ನಿಲ್ಲುತ್ತದೆ. ಮಾರುವವರ ಇ-ಖಾತೆಯ ಪ್ರತಿಯನ್ನು ಸಂಚಕಾರದ ದಿನವೇ ತೆಗೆದುಕೊಂಡು ಹೆಸರು ಹೊಂದಿಸಲು ಹೇಳಿ.

ಬಾಂಡ್ ರೈಟರ್ ಬಳಿ ಟೈಪ್ ಮಾಡಿಸಿದ ಕರಡನ್ನು ಗಟ್ಟಿಯಾಗಿ ಓದಿಸಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪ್ಲಾಟ್ 19 ಎಂಬುದು ಅದಲುಬದಲಾದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಹಣ ಪೂರ್ತಿ ಕೈಸೇರಿದ ಮೇಲೆ ಅವರನ್ನು ಕರೆತರುವುದು ಸುಲಭವಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿದು ಕಟ್ಟುವ ಹೊಣೆ ಕೊಳ್ಳುವವರದು.

ಸಹಿ ಹಾಕುವ ದಿನ ಬೆಳಿಗ್ಗೆ ಇನ್ನೊಮ್ಮೆ ಇ.ಸಿ. ತೆಗೆಯಿರಿ, ಸಂಚಕಾರದ ದಿನದಿಂದ ನಿನ್ನೆಯವರೆಗೆ, ಮೊದಲು ಹುಡುಕಿದ ಎಲ್ಲ ನಂಬರುಗಳ ಮೇಲೂ. ನಡುವೆ ಸೇರಿದ ಒಂದು ಸಾಲು ಕಂಡರೆ ಡಿ.ಡಿ. ಕೈಬಿಡಬೇಡಿ. ನೋಂದಣಿಯಾಗಿ ಒಂದು ವಾರದ ಬಳಿಕ ಮತ್ತೊಮ್ಮೆ ತೆಗೆದು, ಬರೆಸಿಕೊಂಡವರ ಸಾಲಿನಲ್ಲಿ ನಿಮ್ಮ ಹೆಸರಿನ ಕಾಗುಣಿತ, ಪ್ಲಾಟ್ ನಂಬರ್, ಚದರ ಮೀಟರ್ ಮೂರನ್ನೂ ಖರೇದಿ ಪತ್ರದ ಜೊತೆ ತಾಳೆ ನೋಡಿ, ಆ ಪ್ರತಿ ಹಿಡಿದು ಪಾಲಿಕೆಯ ವಲಯ ಕಚೇರಿಯಲ್ಲಿ ಖಾತೆ ಬದಲಾವಣೆಯ ಅರ್ಜಿ ಹಾಕಿ.